ಮಳೆಗಾಲದಲ್ಲಿ ಆಟೋಕ್ಲೇವ್ ಪ್ಯಾಕ್ ಒದ್ದೆ, ಬೆಡ್‌ಶೀಟ್ ಒಣಗಲ್ಲ, ಓಟಿ (ಆಪರೇಷನ್ ಥಿಯೇಟರ್) ಗೋಡೆಗೆ ಬೂಸ್ಟು: ಸಣ್ಣ ಆಸ್ಪತ್ರೆಯಲ್ಲಿ ಸೋಂಕು ತಡೆಯೋದು ಹೇಗೆ?

ಓಟಿ_ಇನ್‌ಚಾರ್ಜ್, ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮದು 30 ಹಾಸಿಗೆಯ ಆಸ್ಪತ್ರೆ. ಹೆರಿಗೆ, ಸಿಸೇರಿಯನ್, ಹರ್ನಿಯಾ, ಅಪೆಂಡಿಕ್ಸ್, ಗಾಯಕ್ಕೆ ಹೊಲಿಗೆ ಇಂಥವೇ ಹೆಚ್ಚು. ಸಿಎಸ್‌ಎಸ್‌ಡಿ (ಉಪಕರಣ, ಬಟ್ಟೆ ಸ್ಟೆರೈಲ್ ಮಾಡುವ ಕೇಂದ್ರ) ಅಂತ ಬೇರೆ ವಿಭಾಗ ಇಲ್ಲ. ಓಟಿ ಪಕ್ಕದ ಕೋಣೆಯಲ್ಲಿ ಒಂದು ವರ್ಟಿಕಲ್ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರ) ಇದೆ, ಡ್ರಮ್ಮು ಮತ್ತು ಬಟ್ಟೆ ಸುತ್ತಿದ ಪ್ಯಾಕ್ ಎರಡನ್ನೂ ಅದರಲ್ಲೇ ಹಾಕ್ತೇವೆ.

ಬೇಸಿಗೆಯಲ್ಲಿ ಏನೂ ತೊಂದರೆ ಕಾಣಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಎಲ್ಲ ಒಟ್ಟಿಗೆ ಶುರುವಾಗ್ತದೆ. ಪ್ಯಾಕ್ ಬಿಚ್ಚಿದರೆ ಒಳಗಿನ ಗೌನು, ಗಾಜ್ ಪೀಸು ಒದ್ದೆ, ಆದರೆ ಪ್ಯಾಕಿಗೆ ಅಂಟಿಸಿದ, ಶಾಖಕ್ಕೆ ಬಣ್ಣ ಬದಲಾಗುವ ಟೇಪಿನ ಗೆರೆ ಮಾತ್ರ ಚೆನ್ನಾಗಿ ಕಪ್ಪಾಗಿರ್ತದೆ. ಬೆಡ್‌ಶೀಟು ಹಗ್ಗದ ಮೇಲೆ ದಿನಗಟ್ಟಲೆ ಇದ್ದರೂ ಮುಗ್ಗಲು ವಾಸನೆ. ಬ್ಲೀಚಿಂಗ್ ಪೌಡರ್ ಚೀಲದಲ್ಲೇ ಗಟ್ಟಿ ಕಟ್ಟಿದೆ. ಓಟಿಯಲ್ಲಿ ಎಸಿ ಪಕ್ಕದ ಗೋಡೆಗೆ ಕಪ್ಪು ಬೂಸ್ಟು ಬಂದಿದೆ. ಆಡಳಿತದವರು ವಾರಕ್ಕೊಮ್ಮೆ ಫಾರ್ಮಲಿನ್ ಹೊಗೆ ಹಾಕಿದರೆ ಸಾಕು ಅಂತಾರೆ. ಸಿಸೇರಿಯನ್ ಗಾಯ ಕೀವಾಗೋದು ಮಳೆಗಾಲದಲ್ಲಿ ಜಾಸ್ತಿ ಅನ್ನೋ ಅನುಮಾನ ಡಾಕ್ಟರಿಗೂ ಇದೆ.

ಟೇಪ್ ಕಪ್ಪಾಗಿದ್ದರೆ ಒದ್ದೆ ಪ್ಯಾಕ್ ಬಳಸಬಹುದಾ? ಕೆಮಿಕಲ್ ಬದಲಾಯಿಸಿದರೆ ಇದೆಲ್ಲ ಸರಿ ಹೋಗ್ತದಾ, ಇಲ್ಲ ಬೇರೆ ಏನಾದರೂ ಮಾಡಬೇಕಾ? ಗೊತ್ತಿದ್ದವರು ವಿವರವಾಗಿ ಹೇಳಿ.

ಸ್ಟೆರಿಲೈಸೇಷನ್_ಟೆಕ್, ಶಿವಮೊಗ್ಗ

ಸಿಸ್ಟರ್, ಒದ್ದೆ ಪ್ಯಾಕ್ ಸ್ಟೆರೈಲ್ ಅಲ್ಲ. ಟೇಪ್ ಎಷ್ಟೇ ಕಪ್ಪಾಗಿದ್ದರೂ ಅಲ್ಲ. ಒಣಗಿದ ಬಟ್ಟೆ ಧೂಳನ್ನೂ ರೋಗಾಣುವನ್ನೂ ಹೊರಗೇ ತಡೆಯುತ್ತೆ. ನೆನೆದ ಬಟ್ಟೆ ದೀಪದ ಬತ್ತಿಯ ಹಾಗೆ ಎಳೆಯುತ್ತೆ, ಮೇಜಿನ ಮೇಲೆ ಇದ್ದದ್ದು, ಎತ್ತಿದವರ ಕೈಯಲ್ಲಿ ಇದ್ದದ್ದು ನೀರಿನ ಜೊತೆ ಒಳಗೆ ಹೋಗುತ್ತೆ. ಟೇಪ್ ಹೇಳೋದು ಆ ಪ್ಯಾಕಿನ ಹೊರಮೈಗೆ ಬಿಸಿ ಹಬೆ ತಗುಲಿದೆ ಅಂತ ಮಾತ್ರ. ನಡುವಿನ ಗಾಜ್ ಪೀಸಿಗೆ ಎಷ್ಟು ಶಾಖ, ಎಷ್ಟು ಹೊತ್ತು ತಲುಪಿತು ಅನ್ನೋದು ಅದರಿಂದ ತಿಳಿಯಲ್ಲ. ಅದಕ್ಕೆ ಪ್ಯಾಕಿನ ಒಳಗೆ, ನಟ್ಟನಡುವೆ, ಐದನೇ ದರ್ಜೆಯ ಇಂಟಿಗ್ರೇಟರ್ ಪಟ್ಟಿ (ಶಾಖ, ಸಮಯ, ಹಬೆ ಮೂರೂ ಸಾಕಷ್ಟು ತಲುಪಿದೆಯಾ ಅಂತ ತೋರಿಸುವುದು) ಇಡಬೇಕು.

ಒದ್ದೆಯಾಗೋದು ಯಾಕೆ ಅಂತ ಆಟೋಕ್ಲೇವ್ ಹಚ್ಚುವ ಮೊದಲಿನಿಂದ ನೋಡಿಕೊಂಡು ಬನ್ನಿ. ಉಪಕರಣ ತೊಳೆದು ನೀರು ಸೋರುತ್ತಿರುವಾಗಲೇ ಸುತ್ತಿದರೆ ಆ ನೀರು ಎಲ್ಲಿಗೂ ಹೋಗಲ್ಲ. ಬಳಸಿದ ಕೂಡಲೇ ಡಿಟರ್ಜೆಂಟ್ ನೀರಿನಲ್ಲಿ ಕೀಲು ಬಿಚ್ಚಿಟ್ಟು, ಬ್ರಷ್ಷನ್ನು ನೀರಿನೊಳಗೇ ಆಡಿಸಿ ತೊಳೆದು, ಜಾಲಿಸಿ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸುತ್ತಿ. ತೊಳೆಯುವ ಮೊದಲು ಬ್ಲೀಚಿಂಗ್ ನೀರಿನಲ್ಲಿ ನೆನೆಸುವ ಹಳೆ ಪದ್ಧತಿ ನಮ್ಮ ಕಡೆ ಇನ್ನೂ ಇದೆ, ಬಿಟ್ಟುಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಕೈಪಿಡಿಯಲ್ಲೂ ಅದು ಬೇಡ ಅಂತಲೇ ಇದೆ. ಕ್ಲೋರಿನ್ ಸ್ಟೀಲನ್ನು ತಿನ್ನುತ್ತೆ, ತುಕ್ಕು ಹಿಡಿದ ಕುಳಿಯಲ್ಲಿ ಕೊಳೆ ಉಳಿಯುತ್ತೆ. ರಕ್ತ ಮೆತ್ತಿದ ಕಡೆ ಕ್ಲೋರಿನ್ ತನ್ನ ಬಲ ಅಲ್ಲೇ ಕಳೆದುಕೊಳ್ಳುತ್ತೆ. ಹಾಗಾಗಿ ಆ ನೆನೆಸುವಿಕೆಯಿಂದ ಸಿಗುವ ರಕ್ಷಣೆ ಕಡಿಮೆ. ತೊಳೆಯುವವರಿಗೆ ದಪ್ಪ ರಬ್ಬರ್ ಗ್ಲೌಸ್, ಏಪ್ರನ್, ಕಣ್ಣಿಗೆ ಕನ್ನಡಕ ಕೊಡಿ.

ಆಮೇಲೆ ತುಂಬುವ ರೀತಿ. ವರ್ಟಿಕಲ್ ಆಟೋಕ್ಲೇವಿನಲ್ಲಿ ನೀರಿನ ಮಟ್ಟ ಒಳಗಿನ ಜಾಲರಿ ಸ್ಟ್ಯಾಂಡಿಗಿಂತ ಕೆಳಗೇ ಇರಬೇಕು. ಮೇಲೆ ಬಂದರೆ ಕುದಿಯುವಾಗ ಹನಿ ಸಿಡಿದು ಕೆಳಗಿನ ಪ್ಯಾಕ್ ನೆನೆಯುತ್ತೆ. ಮಳೆಗಾಲದ ಕೆನ್ನೀರನ್ನು ನೇರವಾಗಿ ಸುರಿಯಬೇಡಿ, ಡಿಸ್ಟಿಲ್ಡ್ ಅಥವಾ ಆರ್‌ಓ ನೀರು ಹಾಕಿ. ಬಟ್ಟೆ ಮತ್ತು ಉಪಕರಣ ಬೇರೆ ಬೇರೆ ಸುತ್ತಿನಲ್ಲಿ ಹಾಕೋದು ಉತ್ತಮ. ಒಂದೇ ಸುತ್ತಿನಲ್ಲಿ ಹಾಕಲೇಬೇಕಾದರೆ ಬಟ್ಟೆ ಮೇಲೆ, ಲೋಹ ಕೆಳಗೆ. ಲೋಹದ ಮೇಲೆ ಹಬೆ ತಣಿದು ಇಳಿಯುವ ನೀರು ಬಟ್ಟೆಗೆ ಬೀಳಬಾರದು. ಬಟ್ಟೆಯ ಪ್ಯಾಕ್ 30 x 30 x 50 ಸೆಂಟಿಮೀಟರಿಗಿಂತ ದೊಡ್ಡದಾಗಬಾರದು, ತೂಕ ಐದೂವರೆ ಕಿಲೋ ದಾಟಬಾರದು. ಪ್ಯಾಕುಗಳನ್ನು ಒಂದರ ಮೇಲೊಂದು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಬೆರಳು ಸಲೀಸಾಗಿ ಹೋಗುವಷ್ಟು ಜಾಗ ಬಿಡಿ, ಪಾತ್ರೆಯ ಗೋಡೆಗೆ ತಾಗಿಸಬೇಡಿ. ಡ್ರಮ್ಮಿನ ಪಕ್ಕದ ಕಿಂಡಿಗಳು ಒಳಗೆ ಹಾಕುವಾಗ ಪೂರ್ತಿ ತೆರೆದಿರಬೇಕು, ಹೊರತೆಗೆದ ಕೂಡಲೇ ಮುಚ್ಚಬೇಕು. ಗಡಿಬಿಡಿಯಲ್ಲಿ ಹೆಚ್ಚು ತಪ್ಪುವುದು ಇಲ್ಲೇ. ಕಿಂಡಿ ಮುಚ್ಚಿದ ಡ್ರಮ್ ಅರ್ಧ ಗಂಟೆ ಬೆಂದರೂ ಒಳಗೆ ಹಬೆ ಹೋಗಿರಲ್ಲ.

ಗಾಳಿ ಹೊರಹಾಕೋದರ ಬಗ್ಗೆ ಸ್ವಲ್ಪ ಹೆಚ್ಚು ಹೇಳ್ತೀನಿ. ಒತ್ತಡದ ಮುಳ್ಳು 15 ಪೌಂಡಿಗೆ (ಚದರ ಇಂಚಿಗೆ) ಬಂದಿದೆ ಅಂದಮಾತ್ರಕ್ಕೆ ಒಳಗೆ 121 ಡಿಗ್ರಿ ಇದೆ ಅಂತ ಅರ್ಥ ಅಲ್ಲ. ಒಳಗಿನ ಗಾಳಿಯಲ್ಲಿ ಅರ್ಧ ಮಾತ್ರ ಹೊರಹೋಗಿ, ಉಳಿದದ್ದು ಹಬೆಯ ಜೊತೆ ಬೆರೆತಿದ್ದರೆ ಅದೇ 15 ಪೌಂಡಿನಲ್ಲಿ ಶಾಖ ಸುಮಾರು 112 ಡಿಗ್ರಿಗೇ ನಿಲ್ಲುತ್ತೆ. ಆದ್ದರಿಂದ ನೀರು ಕುದಿದು ಹಬೆ ಬರತೊಡಗಿದ ಮೇಲೂ ಎಗ್ಸಾಸ್ಟ್ ವಾಲ್ವ್ ತೆರೆದೇ ಇಡಿ. ಉಗುಳಿ ಉಗುಳಿ ಬರುವ ಹಬೆ ನಿಂತು ಒಂದೇ ಸಮ, ಜೋರಾದ ಧಾರೆಯಾದ ಮೇಲೆ ಮುಚ್ಚಿ. ಸಮಯದ ಲೆಕ್ಕ ಶುರುವಾಗೋದು ಸ್ವಿಚ್ ಹಾಕಿದಾಗ ಅಲ್ಲ, ಥರ್ಮಾಮೀಟರ್ 121 ಮುಟ್ಟಿದಾಗ. ಅಲ್ಲಿಂದ ಸುತ್ತಿದ ಪ್ಯಾಕಿಗೆ, ಡ್ರಮ್ಮಿಗೆ 30 ನಿಮಿಷ.

ನಮ್ಮ ಜಾಗದ ಎತ್ತರವನ್ನೂ ಗಮನಕ್ಕೆ ತಗೊಳ್ಳಿ. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಎಲ್ಲ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 2,000 ಅಡಿ ಮೇಲಿವೆ. ಹೊರಗಿನ ವಾಯುಭಾರ ಕಡಿಮೆ ಇರೋದರಿಂದ ಮುಳ್ಳು 15 ತೋರಿಸಿದಾಗ ಒಳಗಿನ ಶಾಖ 121ಕ್ಕೆ ಸುಮಾರು ಒಂದು ಡಿಗ್ರಿ ಕಡಿಮೆ. ಪ್ರತಿ 1,000 ಅಡಿಗೆ ಅರ್ಧ ಪೌಂಡ್ ಸೇರಿಸಬೇಕು ಅನ್ನೋದು ಲೆಕ್ಕ, ಅಂದರೆ ನಿಮಗೆ 16 ಪೌಂಡ್. ಥರ್ಮಾಮೀಟರ್ ಇರುವ ಯಂತ್ರವಾದರೆ ಶಾಖವನ್ನೇ ನೋಡಿ. ಬರೀ ಒತ್ತಡದ ಮುಳ್ಳನ್ನು ನಂಬಿ ನಡೆಸುವವರಿಗೆ ಈ ಲೆಕ್ಕ ಬೇಕು. ಸೇಫ್ಟಿ ವಾಲ್ವ್ ಎಷ್ಟಕ್ಕೆ ಬಿಚ್ಚುತ್ತೆ ಅಂತ ಯಂತ್ರದ ಪಟ್ಟಿಯಲ್ಲಿ ನೋಡಿಯೇ ಒತ್ತಡ ಏರಿಸಿ.

ಕೊನೆಯ ಹಂತದಲ್ಲಿ ಬಹಳಷ್ಟು ಪ್ಯಾಕ್ ಕೆಡುತ್ತವೆ. ನಿಮ್ಮ ಯಂತ್ರಕ್ಕೆ ನಿರ್ವಾತದಿಂದ ಒಣಗಿಸುವ ವ್ಯವಸ್ಥೆ ಇಲ್ಲ. ಹಬೆ ಪೂರ್ತಿ ಬಿಟ್ಟು, ಮುಳ್ಳು ಸೊನ್ನೆಗೆ ಬಂದ ಮೇಲೆ ಮುಚ್ಚಳವನ್ನು ಒಂದೆರಡು ಬೆರಳಿನಷ್ಟು ಮಾತ್ರ ಸಡಿಲಿಸಿ, ಒಳಗಿನ ಕಾವಿನಲ್ಲೇ 20–30 ನಿಮಿಷ ಬಿಡಿ. ಆಮೇಲೆ ತಂತಿ ರ‍್ಯಾಕಿನ ಮೇಲೆ ಬಿಡಿಬಿಡಿಯಾಗಿ ಇಟ್ಟು, ಕೋಣೆಯ ಹದಕ್ಕೆ ತಣಿಯುವ ತನಕ ಯಾರೂ ಮುಟ್ಟಬಾರದು. ಬಿಸಿ ಪ್ಯಾಕನ್ನು ಕಡಪ ಕಲ್ಲಿನ ಮೇಲೆ, ಸ್ಟೀಲ್ ಟ್ರಾಲಿಯ ಮೇಲೆ ಇಟ್ಟರೆ ಅಡಿಯಲ್ಲಿ ನೀರು ಕಟ್ಟುತ್ತೆ. ಫ್ಯಾನ್ ಹಾಕಬೇಡಿ, ಎಸಿ ಗಾಳಿಗೂ ಹಿಡಿಯಬೇಡಿ. ತಣಿದ ಮೇಲೂ ಒದ್ದೆ ಕಂಡರೆ ಬಿಚ್ಚಿ, ಒಣ ಬಟ್ಟೆಯಲ್ಲಿ ಮತ್ತೆ ಸುತ್ತಿ, ಮೊದಲಿನಿಂದ ಹಾಕಿ. ಹಾಗೇ ಒಣಗಿಸಿ ಬಳಸುವ ಯೋಚನೆ ಬೇಡ.

ಸಂಗ್ರಹಕ್ಕೆ ಬಾಗಿಲಿರುವ ಕಪಾಟು ಬೇಕು. ನೆಲದಿಂದ 20–25 ಸೆಂಟಿಮೀಟರ್ ಮೇಲೆ, ಹೊರಗೋಡೆಯಿಂದ 5 ಸೆಂಟಿಮೀಟರ್ ದೂರ, ಸೂರಿನಿಂದ 45 ಸೆಂಟಿಮೀಟರ್ ಕೆಳಗೆ. ಕೋಣೆಯ ತೇವ 70 ಶೇಕಡಾ ದಾಟಬಾರದು. ಒಂದು ಹೈಗ್ರೋಮೀಟರ್ ಗೋಡೆಗೆ ಹಾಕಿ, ಬೆಲೆ ಬಹಳ ಇಲ್ಲ. ಡ್ರಮ್ಮಿಗೆ 72 ಗಂಟೆ ಅಂತ ಬಹಳ ಕಡೆ ಲೆಕ್ಕ ಇಟ್ಟುಕೊಳ್ಳುತ್ತಾರೆ, ಆದರೆ ಒಮ್ಮೆ ಮುಚ್ಚಳ ತೆಗೆದು ಒಂದು ಗಾಜ್ ಎತ್ತಿದ ಡ್ರಮ್ಮಿಗೆ ಆ ಲೆಕ್ಕ ನಡೆಯಲ್ಲ. ಅದಕ್ಕೇ ದೊಡ್ಡ ಡ್ರಮ್ ಬಿಟ್ಟು, ಒಂದು ಆಪರೇಷನ್ನಿಗೆ ಒಂದು ಸಣ್ಣ ಪ್ಯಾಕ್ ಅನ್ನೋ ಪದ್ಧತಿಗೆ ಹೋಗಿ. ಪ್ರತಿ ಪ್ಯಾಕಿನ ಮೇಲೆ ದಿನಾಂಕ, ಸುತ್ತಿನ ಸಂಖ್ಯೆ, ಸುತ್ತಿದವರ ಸಹಿ ಇರಲಿ.

ಮೈಕ್ರೋ_ಶಿವಮೊಗ್ಗ

ಮೇಲಿನದಕ್ಕೆ ಸೇರಿಸುವುದು: ವಾರಕ್ಕೊಮ್ಮೆ ಸ್ಪೋರ್ (ಶಾಖಕ್ಕೆ ಸುಲಭವಾಗಿ ಸಾಯದ ರೋಗಾಣು ಬೀಜ) ಪರೀಕ್ಷೆ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಇರುವ ಆಂಪೂಲನ್ನು ಅತ್ಯಂತ ದಟ್ಟವಾದ ಪ್ಯಾಕಿನ ನಡುವೆ ಇಟ್ಟು, ಆ ಪ್ಯಾಕನ್ನು ಹಬೆ ಕೊನೆಗೆ ತಲುಪುವ ಜಾಗದಲ್ಲಿಡಿ. ಸುತ್ತು ಮುಗಿದ ಮೇಲೆ 55–60 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ 24ರಿಂದ 48 ಗಂಟೆ. ಜೊತೆಗೆ ಅದೇ ಬ್ಯಾಚಿನ, ಆಟೋಕ್ಲೇವ್ ಮಾಡದ ಒಂದು ಆಂಪೂಲನ್ನೂ ಇಡಲೇಬೇಕು. ಅದರ ಬಣ್ಣ ಬದಲಾಗದಿದ್ದರೆ ಆ ಬ್ಯಾಚಿನ ಸ್ಪೋರೇ ಸತ್ತಿದೆ, ಪರೀಕ್ಷೆಗೆ ಅರ್ಥವಿಲ್ಲ. ಆಟೋಕ್ಲೇವ್ ಮಾಡಿದ ಆಂಪೂಲಿನ ಬಣ್ಣ ಬದಲಾದರೆ ಯಂತ್ರ ನಿಲ್ಲಿಸಿ, ಹಿಂದಿನ ಸರಿಯಾದ ಪರೀಕ್ಷೆಯ ನಂತರದ ಪ್ಯಾಕ್ ಅಷ್ಟನ್ನೂ ವಾಪಸ್ ತರಿಸಿ. ಸುತ್ತಿನ ಸಂಖ್ಯೆ ಬರೆಯಿರಿ ಅಂತ ಮೇಲಿನವರು ಹೇಳಿದ್ದರ ಉಪಯೋಗ ಆಗ ತಿಳಿಯುತ್ತದೆ. ಬೋವಿ-ಡಿಕ್ ಪರೀಕ್ಷೆ (ಗಾಳಿ ಪೂರ್ತಿ ಹೊರಹೋಗಿದೆಯೇ ಎಂದು ನೋಡುವುದು) ನಿರ್ವಾತ ಪಂಪ್ ಇರುವ ಯಂತ್ರಕ್ಕೆ ಮಾತ್ರ, ನಿಮಗೆ ಬೇಡ.

ಫಾರ್ಮಲಿನ್ ಹೊಗೆ ಖಂಡಿತ ಬೇಡ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೇ ಸೇರಿಸಿದೆ. ಓಟಿ ಬಾಗಿಲು ಮುಚ್ಚಿ ಹೊಗೆ ಹಾಕಿ, ಬೆಳಗ್ಗೆ ಅದನ್ನು ತೆರೆಯುವ ಹೆಂಗಸರ ಕಣ್ಣು, ಶ್ವಾಸಕೋಶದ ಮೇಲೆ ಅದು ಬೀಳುತ್ತದೆ. ಅಷ್ಟು ಮಾಡಿದರೂ ಕೊಳೆಯ ಕೆಳಗೆ, ಹಸಿ ಗಾರೆಯೊಳಗೆ ಅದು ಇಳಿಯುವುದಿಲ್ಲ. ಗೋಡೆ ಹಸಿಯಿರುವ ತನಕ ಬೂಸ್ಟು ತಿರುಗಿ ಬರುತ್ತಲೇ ಇರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಫಾಗಿಂಗ್ ಮಾಡಿದರೂ ಮೊದಲು ತೊಳೆದು ಒರೆಸಿದ ಕೋಣೆಗೆ ಅದು ಹೆಚ್ಚುವರಿ ಕೆಲಸ, ತೊಳೆಯುವುದರ ಬದಲಿಗೆ ಅಲ್ಲ.

ಬೂಸ್ಟು ತೆಗೆಯುವ ದಿನ ಆಪರೇಷನ್ ಇಟ್ಟುಕೊಳ್ಳಬೇಡಿ. ಒಣ ಬ್ರಷ್ಷಿನಲ್ಲಿ ಕೆರೆಯಬಾರದು, ಸ್ಪೋರುಗಳು ಹಾರಿ ಇಡೀ ಓಟಿಗೆ ಹರಡುತ್ತವೆ. ಎನ್95 ಮಾಸ್ಕ್ ಹಾಕಿ, ಎಸಿ ನಿಲ್ಲಿಸಿ, ಡಿಟರ್ಜೆಂಟ್ ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ. ಆ ಬಟ್ಟೆಯನ್ನು ಅಲ್ಲೇ ಚೀಲಕ್ಕೆ ಹಾಕಿ ಕಟ್ಟಿ. ನಂತರ 0.5 ಶೇಕಡಾ ಕ್ಲೋರಿನ್ ದ್ರಾವಣ ಹಚ್ಚಿ 10 ನಿಮಿಷ ಬಿಟ್ಟು ಒರೆಸಿ, ಪೂರ್ತಿ ಒಣಗಿಸಿ. ಗಾರೆ ಮೆತ್ತಗಾಗಿದ್ದರೆ ಕೆತ್ತಿ ತೆಗೆಸಬೇಕು. ಜಿಪ್ಸಂ ಸೀಲಿಂಗ್ ನೆನೆದು ಎರಡು ಮೂರು ದಿನದಲ್ಲಿ ಒಣಗದಿದ್ದರೆ ಅದನ್ನು ಉಳಿಸಿಕೊಳ್ಳುವ ಆಸೆ ಬಿಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿ: ಎಸಿಯ ಡ್ರೈನ್ ಪೈಪ್ ಕಟ್ಟಿಕೊಂಡಿದೆಯೋ, ಹಂಚು ಸರಿದಿದೆಯೋ, ಮಳೆ ಹೊಡೆಯುವ ದಿಕ್ಕಿನ ಗೋಡೆಯೋ. ಓಟಿಯ ತೇವ 60 ಶೇಕಡಾ ಒಳಗಿರಬೇಕು. ರಾತ್ರಿ ಎಸಿ ನಿಲ್ಲಿಸಿ ಬಾಗಿಲು ತೆರೆದಿಟ್ಟರೆ ತಣ್ಣಗಿನ ಗೋಡೆಗೆ ಹೊರಗಿನ ಹಸಿಗಾಳಿ ತಾಗಿ ಬೆವರುತ್ತದೆ, ಬೂಸ್ಟಿಗೆ ಬೇಕಾದದ್ದು ಅದೇ. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಸೋಸಿ ತರುವುದಿಲ್ಲ, ಒಳಗಿನದನ್ನೇ ಸುತ್ತಿಸುತ್ತದೆ. ಅದರ ಫಿಲ್ಟರ್, ನೀರಿನ ತಟ್ಟೆಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ತೊಳೆದು ಒಣಗಿಸಿ.

ಗೋಡೆ, ಮೇಜು, ಗಾಳಿಯಿಂದ ತಿಂಗಳು ತಿಂಗಳು ಸ್ವಾಬ್ ಕಳಿಸಿ ಹಣ ಖರ್ಚು ಮಾಡಬೇಡಿ. ಸೋಂಕು ಗುಂಪಾಗಿ ಕಂಡಾಗ ಮಾತ್ರ ಅದು ಉಪಯೋಗ. ಅದಕ್ಕಿಂತ ಮುಖ್ಯ ನಿಮ್ಮ ಡಾಕ್ಟರ ಅನುಮಾನವನ್ನು ಲೆಕ್ಕಕ್ಕೆ ತರುವುದು. ಪ್ರತಿ ಸಿಸೇರಿಯನ್ ತಾಯಿಯನ್ನು 30 ದಿನದ ತನಕ ಫೋನಿನಲ್ಲಿ ವಿಚಾರಿಸಿ: ಕೀವು, ಕೆಂಪು, ಜ್ವರ, ಹೊಲಿಗೆ ಬಿಚ್ಚಿದ್ದು. ತಿಂಗಳಿಗೆ ಎಷ್ಟು ಆಪರೇಷನ್, ಅದರಲ್ಲಿ ಎಷ್ಟು ಗಾಯ ಕೆಟ್ಟಿದೆ ಎಂಬುದನ್ನು ಶೇಕಡಾದಲ್ಲಿ ಬರೆಯಿರಿ. ಫೆಬ್ರವರಿಯನ್ನೂ ಜುಲೈಯನ್ನೂ ಪಕ್ಕಪಕ್ಕ ಇಟ್ಟು ನೋಡದೆ ಮಳೆಯನ್ನು ದೂರುವುದು ಸರಿಯಲ್ಲ. ಮಳೆಗೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ಬ್ಲೇಡಿನಲ್ಲಿ ಕೂದಲು ಬೋಳಿಸುವುದರಿಂದ ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರು ಬೀಳುತ್ತವೆ. ತೆಗೆಯಲೇಬೇಕಾದರೆ ಕ್ಲಿಪ್ಪರ್ ಬಳಸಿ. ಆಂಟಿಬಯಾಟಿಕ್ ಚರ್ಮ ಕೊಯ್ಯುವ ಮೊದಲಿನ 60 ನಿಮಿಷದೊಳಗೆ ರಕ್ತ ಸೇರಿರಬೇಕು. ಮಗು ತೆಗೆದ ಮೇಲೆ ಕೊಡುವುದು ತಡ. ಪೊವಿಡೋನ್ ಅಯೋಡಿನ್ ಹಚ್ಚಿದ ಮೇಲೆ ತಾನಾಗಿ ಒಣಗುವ ತನಕ ಕಾಯಬೇಕು. ಮಳೆಗಾಲದ ತೇವದಲ್ಲಿ ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಒರೆಸಿ ಮುಂದುವರಿಯಬೇಡಿ.

ಓಟಿ_ಇನ್‌ಚಾರ್ಜ್, ತೀರ್ಥಹಳ್ಳಿ ಕಡೆ

ತುಂಬಾ ಉಪಕಾರ ಆಯ್ತು ಸರ್. 15 ಪೌಂಡ್ ಅಂತಲೇ ಗೋಡೆಯ ಮೇಲೆ ಬರೆದಿಟ್ಟಿದ್ದು, ಬದಲಾಯಿಸ್ತೇವೆ. ವಾರ್ಡಿನ ಬಗ್ಗೆಯೂ ಹೇಳಿ. ನೆಲ ಒರೆಸುವ ಮಾಪ್ ಒಣಗೋದೇ ಇಲ್ಲ. ಗಟ್ಟಿಯಾದ ಬ್ಲೀಚಿಂಗ್ ಪೌಡರ್ ಪುಡಿ ಮಾಡಿ ಬಳಸಬಹುದಾ?

ಸೋಂಕುನಿಯಂತ್ರಣ_ಸಿಸ್ಟರ್, ಸಾಗರ

ಅಕ್ಕಾ, ಗಟ್ಟಿಯಾದ ಪೌಡರ್ ಚರಂಡಿಗೆ ಸುರಿಯೋಕೆ ಇಟ್ಟುಕೊಳ್ಳಿ, ವಾರ್ಡಿಗೆ ಬೇಡ. ತೇವ ಹೀರಿದ ಪೌಡರಿನಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ ಅಂತ ಅಂದಾಜು ಸಿಗಲ್ಲ. ಹೊಸ ಪೌಡರಿನಲ್ಲಿ 30 ಶೇಕಡಾ ಕ್ಲೋರಿನ್ ಇದೆ ಅಂದುಕೊಂಡರೆ 10 ಲೀಟರ್ ನೀರಿಗೆ ಸುಮಾರು 170 ಗ್ರಾಂ ಹಾಕಿದಾಗ 0.5 ಶೇಕಡಾ ಆಗ್ತದೆ. ಅದೇ ಪೌಡರ್ 15 ಶೇಕಡಾಕ್ಕೆ ಇಳಿದಿದ್ದರೆ ನೀವು ಅಷ್ಟೇ ತೂಗಿ ಹಾಕಿದರೂ ಸಿಗೋದು ಕಾಲು ಶೇಕಡಾ. ವಾಸನೆ ಮೂಗಿಗೆ ಬಡಿಯೋದರಿಂದ ಬಲ ಇದೆ ಅಂತ ತಿಳೀಬಾರದು.

ಮಳೆಗಾಲಕ್ಕೆ ದ್ರವರೂಪದ ಹೈಪೋಕ್ಲೋರೈಟ್ ಅಥವಾ ಒಂದೊಂದೇ ಬಿಡಿ ಕವರಿನಲ್ಲಿ ಬರುವ ಕ್ಲೋರಿನ್ ಮಾತ್ರೆ ವಾಸಿ. ಲೆಕ್ಕ ಸುಲಭ: ಡಬ್ಬಿಯ ಮೇಲಿನ ಶೇಕಡಾವನ್ನು ನಿಮಗೆ ಬೇಕಾದ ಶೇಕಡಾದಿಂದ ಭಾಗಿಸಿ, ಒಂದು ಕಳೆಯಿರಿ, ಬಂದಷ್ಟು ಪಾಲು ನೀರು. ಡಬ್ಬಿ 5 ಶೇಕಡಾದ್ದು, ಬೇಕಾಗಿರೋದು 0.5 ಅಂದರೆ ಒಂದು ಪಾಲಿಗೆ 9 ಪಾಲು ನೀರು. ಬೇಕಾಗಿರೋದು 1 ಶೇಕಡಾ ಅಂದರೆ 4 ಪಾಲು. ಡಬ್ಬಿ 10 ಶೇಕಡಾದ್ದಾದರೆ 0.5ಕ್ಕೆ 19 ಪಾಲು. ಪ್ಲಾಸ್ಟಿಕ್ ಬಕೆಟ್ಟು, ಮುಚ್ಚಳ ಬೇಕೇ ಬೇಕು. ದಿನಾ ಬೆಳಗ್ಗೆ ಹೊಸದು ಮಾಡಿ, ಕದಡಿ ಕಂಡರೆ ಅದಕ್ಕೂ ಮೊದಲೇ ಚೆಲ್ಲಿ. ಟಾಯ್ಲೆಟ್ ಆಸಿಡ್ ಜೊತೆ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಏಳ್ತದೆ. ಮೂತ್ರದ ಮೇಲೂ ನೇರವಾಗಿ ಸುರಿಯಬಾರದು. ರಕ್ತ ಚೆಲ್ಲಿದರೆ ಮೊದಲು ಕಾಗದ ಅಥವಾ ಹಳೆ ಬಟ್ಟೆ ಹಾಸಿ, ಮೇಲೆ 1 ಶೇಕಡಾ ಹಾಕಿ 10 ನಿಮಿಷ ಬಿಟ್ಟು ಎತ್ತಿ, ಆಮೇಲೆ ಸೋಪು ನೀರು. ಎತ್ತಿದ್ದು ಹಳದಿ ಚೀಲಕ್ಕೆ.

ಮಾಪ್ ಬಗ್ಗೆ: ಒದ್ದೆ ಮಾಪ್ ಬಕೆಟ್ಟಿನಲ್ಲೇ ರಾತ್ರಿ ಕಳೆದರೆ ಬೆಳಗ್ಗೆ ನೀವು ನೆಲಕ್ಕೆ ಹಚ್ಚೋದು ಸುಡೋಮೊನಾಸ್ ಅನ್ನೋ ರೋಗಾಣುವನ್ನು. ಕಳಚಿ ಹಾಕುವ ಮಾಪ್ ತಲೆಗಳನ್ನು ತಗೊಳ್ಳಿ, ಒಂದು ಬಳಕೆಯಲ್ಲಿ, ಒಂದು ಒಗೆತದಲ್ಲಿ, ಒಂದು ಒಣಗೋದರಲ್ಲಿ ಇರಬೇಕು. ಓಟಿ, ವಾರ್ಡು, ಕಕ್ಕಸು ಮೂರಕ್ಕೂ ಬೇರೆ ಬಣ್ಣ. ಸಾಮಾನ್ಯ ನೆಲಕ್ಕೆ ಡಿಟರ್ಜೆಂಟ್ ನೀರು ಸಾಕು, ಕ್ಲೋರಿನ್ ಖರ್ಚು ಮಾಡೋದು ರೋಗಿಯ ಕೈ ತಾಗುವ ಕಡೆಗೆ: ಮಂಚದ ಪಟ್ಟಿ, ಲಾಕರ್, ಬಾಗಿಲ ಚಿಲಕ, ಸ್ವಿಚ್ಚು, ನಲ್ಲಿ. ಒಣ ಕಸಬರಿಗೆ ವಾರ್ಡಿನೊಳಗೆ ಬೇಡ. ಬಾಗಿಲಲ್ಲೇ ಛತ್ರಿ, ರೇನ್‌ಕೋಟ್ ಇಡೋಕೆ ಜಾಗ ಮಾಡಿ, ಮಂಚದ ಕಂಬಿಗೆ ನೇತುಹಾಕೋಕೆ ಬಿಡಬೇಡಿ. ನವಜಾತ ಶಿಶುಗಳ ಕೋಣೆಯಲ್ಲಿ ಫಿನಾಯಿಲ್ ಬಳಸಬಾರದು.

ನೆಲ, ಗೋಡೆಗಿಂತ ಡ್ರೆಸ್ಸಿಂಗ್ ಟ್ರಾಲಿಯ ಬಗ್ಗೆ ನನಗೆ ಹೆಚ್ಚು ಚಿಂತೆ. ಸೋಂಕು ರೋಗಿಯ ಒಳಗೆ ಹೋಗೋದು ಅಲ್ಲಿಂದ. ಸ್ಪಿರಿಟ್ ಹತ್ತಿಯ ಡಬ್ಬಿ ನೋಡಿ: ಬೆಳಗ್ಗೆ ನೆನೆಸಿಟ್ಟ ಹತ್ತಿಯಲ್ಲಿ ಸಂಜೆಗೆ ಸ್ಪಿರಿಟ್ ಹಾರಿ ಬರೀ ತೇವ ಉಳಿದಿರ್ತದೆ, ಹತ್ತು ಕೈ ಅದರಲ್ಲಿ ಆಡಿರ್ತದೆ. ಹತ್ತಿ ಒಣಗಿರಲಿ, ಬೇಕಾದಾಗ ಸ್ಪಿರಿಟ್ ಹಾಕಿಕೊಳ್ಳಿ. ಚೀಟಲ್ ಫೋರ್ಸೆಪ್ಸನ್ನು (ಸ್ಟೆರೈಲ್ ವಸ್ತು ಎತ್ತುವ ಉದ್ದ ಚಿಮುಟ) ಸ್ಯಾವ್ಲಾನ್ ನೀರಿನ ಜಾಡಿಯಲ್ಲಿ ನಿಲ್ಲಿಸುವ ಕ್ರಮ ಬಿಡಿ, ಆ ನೀರಿನಲ್ಲೇ ರೋಗಾಣು ಬದುಕ್ತವೆ. ಜಾಡಿ, ಫೋರ್ಸೆಪ್ಸ್ ಎರಡನ್ನೂ ಆಟೋಕ್ಲೇವ್ ಮಾಡಿ ಒಣಗಿದ್ದನ್ನೇ ಇಟ್ಟು, ಪ್ರತಿ ಶಿಫ್ಟಿಗೆ ಬದಲಾಯಿಸಿ. ಯಾವ ಆಂಟಿಸೆಪ್ಟಿಕ್ ಬಾಟಲಿಗೂ ಹಳೆಯದರ ಮೇಲೆ ಹೊಸದು ತುಂಬಬೇಡಿ. ಖಾಲಿ ಮಾಡಿ, ತೊಳೆದು, ಒಣಗಿಸಿ, ಆಮೇಲೆ ತುಂಬಿ. ಕೈತೊಳೆಯುವ ಸೋಪಿನ ಬಾಟಲಿಗೂ ಇದೇ ನಿಯಮ. ಇಂಜೆಕ್ಷನ್ ಕಲಸೋಕೆ ಅಂತ ಒಂದೇ ಸಲೈನ್ ಬಾಟಲಿಗೆ ಸೂಜಿ ಚುಚ್ಚಿಟ್ಟು ಇಡೀ ದಿನ ಎಲ್ಲರಿಗೂ ಎಳೆಯೋದು ಎಲ್ಲಕ್ಕಿಂತ ಅಪಾಯ, ಅದನ್ನು ಇವತ್ತೇ ನಿಲ್ಲಿಸಿ. ಸಣ್ಣ ಆಂಪೂಲ್ ತರಿಸಿ, ಒಬ್ಬರಿಗೆ ಒಂದು. ಆಕ್ಸಿಜನ್ ಹ್ಯುಮಿಡಿಫೈಯರ್ ಬಾಟಲಿಗೆ ನಲ್ಲಿ ನೀರು ಹಾಕಬೇಡಿ, ಸ್ಟೆರೈಲ್ ನೀರು ಹಾಕಿ ದಿನಾ ಬದಲಾಯಿಸಿ. ಬಳಕೆಯಲ್ಲಿಲ್ಲದಾಗ ಖಾಲಿ ಮಾಡಿ ಒಣಗಿಸಿ ಕವುಚಿಡಿ. ನೆಬ್ಯುಲೈಸರ್ ಕಪ್ಪು ಪ್ರತಿ ಸಲ ಬಳಸಿದ ಮೇಲೆ ಬಿಚ್ಚಿ, ಸ್ಟೆರೈಲ್ ನೀರಿನಲ್ಲಿ ತೊಳೆದು ಒಣಗಿಸಬೇಕು.

ಕೈಗೆ ಆಲ್ಕೋಹಾಲ್ ರಬ್ ಪ್ರತಿ ಮಂಚದ ಹತ್ತಿರ ಬೇಕು. ಒಣ ಕೈಗೆ ಹಾಕಿ 20–30 ಸೆಕೆಂಡ್ ಉಜ್ಜಬೇಕು. ಒದ್ದೆ ಕೈಗೆ ಹಾಕಿದರೆ ತೆಳುವಾಗಿ ಕೆಲಸ ಮಾಡಲ್ಲ. ಕಣ್ಣಿಗೆ ಕಾಣುವ ಕೊಳೆ, ರಕ್ತ ಇದ್ದಾಗ, ಭೇದಿ ರೋಗಿಯ ಆರೈಕೆ ಆದಾಗ ಸೋಪು ನೀರು, 40–60 ಸೆಕೆಂಡ್. ಎಲ್ಲರೂ ಒರೆಸಿಕೊಳ್ಳುವ ಆ ಒಂದು ಟವೆಲ್ ತೆಗೆದುಬಿಡಿ, ಮಳೆಗಾಲದಲ್ಲಿ ಅದು ಒಣಗೋದೇ ಇಲ್ಲ. ಸಣ್ಣ ಬಟ್ಟೆ ತುಂಡುಗಳನ್ನು ಮಾಡಿಸಿ, ಒಮ್ಮೆ ಒರೆಸಿದ್ದು ಒಗೆಯೋಕೆ ಹೋಗಲಿ.

ಕಟ್ಟಡ_ಮತ್ತು_ಉಪಕರಣ, ಶಿವಮೊಗ್ಗ

ಬಟ್ಟೆ ಒಣಗಿಸುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. 2015ರಲ್ಲಿ ಹಾಂಗ್‌ಕಾಂಗ್‌ನ ಆಸ್ಪತ್ರೆಯೊಂದರಲ್ಲಿ ರೋಗನಿರೋಧಕ ಶಕ್ತಿ ಕುಂದಿದ ರೋಗಿಗಳಿಗೆ ರೈಜೋಪಸ್ ಶಿಲೀಂಧ್ರದ ಸೋಂಕು ಹರಡಿತ್ತು, ಅದರ ಮೂಲ ಲಾಂಡ್ರಿಯಿಂದ ಬಂದ ಬಟ್ಟೆ ಅಂತ ಪತ್ತೆಯಾಯಿತು. ಮುಗ್ಗಲು ವಾಸನೆ ಬಂದ ಬಟ್ಟೆ ಮತ್ತೆ ಒಗೆತಕ್ಕೇ ಹೋಗಬೇಕು.

ಒಗೆಯುವಾಗ ನೀರು 71 ಡಿಗ್ರಿಯಲ್ಲಿ 25 ನಿಮಿಷ ಇರಬೇಕು. ಬಿಸಿನೀರಿನ ವ್ಯವಸ್ಥೆ ಇಲ್ಲದಿದ್ದರೆ ಜಾಲಿಸುವ ಮೊದಲು ಕ್ಲೋರಿನ್ ಬ್ಲೀಚ್ ಹಾಕಬೇಕು. ಕೊನೆಯ ಸ್ಪಿನ್ ಜಾಸ್ತಿ ಹೊತ್ತು ಕೊಡಿ, ಯಂತ್ರ ಹಿಂಡಿ ತೆಗೆದ ನೀರಿಗೆ ಆಮೇಲೆ ಸೌದೆ, ಕರೆಂಟು ಸುಡಬೇಕಾಗಿಲ್ಲ. ಡ್ರೈಯರ್ ಕೊಳ್ಳೋಕೆ ಆಗದಿದ್ದರೆ ಒಂದು ಕೋಣೆಯನ್ನೇ ಒಣಗಿಸೋಕೆ ಮೀಸಲಿಡಿ: ಕೆಳಗೆ ಗಾಳಿ ಬರುವ ಕಿಂಡಿ, ಎದುರು ಗೋಡೆಯಲ್ಲಿ ಸೂರಿನ ಹತ್ತಿರ ಎಗ್ಸಾಸ್ಟ್ ಫ್ಯಾನ್, ನಡುವೆ ಶಾಖ. ಬರೀ ಹೀಟರ್ ಹಾಕಿ ಬಾಗಿಲು ಮುಚ್ಚಿದರೆ ಹಬೆ ಅಲ್ಲೇ ಸುತ್ತುತ್ತೆ, ಒಣಗಲ್ಲ. ತೇವದ ಗಾಳಿ ಹೊರಗೆ ಹೋಗಲೇಬೇಕು. ನಮ್ಮಲ್ಲಿ ಅಡಿಕೆ ಡ್ರೈಯರ್ ಕಟ್ಟಿಕೊಡುವವರು ಇಂಥ ಕೋಣೆಯನ್ನೂ ಕಟ್ಟಬಲ್ಲರು. ಹೇಳಬೇಕಾದದ್ದು ಇಷ್ಟೇ, ಒಲೆಯ ಹೊಗೆ ಬೇರೆ ಕೊಳವೆಯಲ್ಲಿ ಹೊರಹೋಗಬೇಕು, ಬಟ್ಟೆಗೆ ತಾಗೋದು ಬಿಸಿಯಾದ ಶುದ್ಧ ಗಾಳಿ ಮಾತ್ರ. ಕೊಳೆ ಬಟ್ಟೆ ಬರುವ ಬಾಗಿಲು, ಒಣಗಿದ್ದು ಹೋಗುವ ಬಾಗಿಲು ಬೇರೆ ಇರಲಿ.

ಇನ್ನೊಂದು ವಿಷಯ ಕೇಳದಿದ್ದರೂ ಹೇಳ್ತೀನಿ, ವಾರ್ಡಿನ ಕಿಟಕಿ. ಇರಚಲು ಹೊಡೆಯುತ್ತೆ ಅಂತ ಜೂನಿನಲ್ಲಿ ಮುಚ್ಚಿದ ಕಿಟಕಿ ಸೆಪ್ಟೆಂಬರ್ ತನಕ ತೆರೆಯಲ್ಲ. ಅದೇ ವಾರ್ಡಿನಲ್ಲಿ ಕೆಮ್ಮುವ ರೋಗಿ ಇದ್ದು, ಅದು ಕ್ಷಯ ಅಂತ ಗೊತ್ತಾಗೋದು ಎಷ್ಟೋ ದಿನದ ಮೇಲೆ. 10 x 6 ಮೀಟರ್ ವಾರ್ಡು, 3 ಮೀಟರ್ ಎತ್ತರ, ಅಂದರೆ 180 ಘನ ಮೀಟರ್. ಎದುರುಬದುರು ಕಿಟಕಿ ತೆರೆದು, ಸಣ್ಣ ಕಡೆಯ ತೆರವು ಒಂದೂವರೆ ಚದರ ಮೀಟರ್ ಇದ್ದು, ಗಾಳಿ ಸೆಕೆಂಡಿಗೆ ಒಂದು ಮೀಟರ್ ಬೀಸಿದರೆ: 0.65 x 1 x 1.5 x 3600 ÷ 180 (0.65 ಈ ಸೂತ್ರದ ಗುಣಾಂಕ), ಗಂಟೆಗೆ ಸುಮಾರು 19.5 ಸಲ ಇಡೀ ಗಾಳಿ ಬದಲಾಗುತ್ತೆ. ಗಾಳಿಯಿಂದ ಹರಡುವ ರೋಗದವರನ್ನು ಇಡುವ ಕೋಣೆಗೆ 12 ಸಲ ಬೇಕು. ಕಿಟಕಿ ಮುಚ್ಚಿದರೆ ಹತ್ತಿರ ಹತ್ತಿರ ಸೊನ್ನೆ. ಸೀಲಿಂಗ್ ಫ್ಯಾನ್ ಇರುವ ಗಾಳಿಯನ್ನೇ ಕಲಕುತ್ತೆ, ಬದಲಾಯಿಸಲ್ಲ. ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ಸಾಗುತ್ತೆ ನೋಡಿ, ರೋಗಿಯಿಂದ ನರ್ಸ್ ಮೇಜಿನ ಕಡೆ ಬಂದರೆ ಮಂಚದ ಜಾಗ ಬದಲಾಯಿಸಿ. ಕಿಟಕಿಯ ಮೇಲೆ ಮೂರಡಿ ಶೀಟ್ ಇಳಿಸಿ, ಗಾಜಿನ ಬಾಗಿಲಿನ ಬದಲು ಓರೆ ಪಟ್ಟಿಯ ಲೂವರ್ ಹಾಕಿಸಿದರೆ ಮಳೆ ಒಳಗೆ ಬರಲ್ಲ, ಗಾಳಿ ಬರುತ್ತೆ. ನಮ್ಮ ಹಳೆ ಮನೆಗಳ ಮಾಡು ಅಷ್ಟು ಮುಂದಕ್ಕೆ ಚಾಚಿರೋದು ಇದಕ್ಕೇ.

ಲ್ಯಾಬ್_ಹೊಸನಗರ

ಈ ವಿಷಯದ ಜೊತೆಗೇ ಕೇಳ್ತೇನೆ. ಮಂಗನ ಕಾಯಿಲೆ ಅನುಮಾನದ ರೋಗಿ ಬಂದರೆ ವಾರ್ಡಿನಲ್ಲಿ ಬೇರೆ ಇಡಬೇಕಾ? ಸಿಬ್ಬಂದಿ ಹೆದರ್ತಾರೆ.

ಮೈಕ್ರೋ_ಶಿವಮೊಗ್ಗ

ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಉಣುಗು ಕಚ್ಚುವುದರಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹೆಚ್ಚು ಕಾಣುವುದೂ ಒಣ ತಿಂಗಳುಗಳಲ್ಲಿ. ದಾಖಲಿಸುವಾಗ ಬಟ್ಟೆ, ಕಂಕುಳು, ತೊಡೆಸಂದಿಯಲ್ಲಿ ಉಣುಗು ಇದೆಯೇ ನೋಡಿ. ಎಚ್ಚರ ಬೇಕಾದದ್ದು ಲ್ಯಾಬಿನಲ್ಲಿ, ಪ್ರಯೋಗಾಲಯದ ಕೆಲಸಗಾರರಿಗೆ ಸೋಂಕು ತಗುಲಿದ ದಾಖಲೆ ಇದೆ. ರಕ್ತ ತೆಗೆದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ನೇರ ಬಿಳಿ ಡಬ್ಬಿಗೆ. ಸೆಂಟ್ರಿಫ್ಯೂಜ್ ನಿಂತ ಮೇಲೇ ಮುಚ್ಚಳ ತೆಗೆಯಿರಿ. ಮಾದರಿಯನ್ನು ಮೂರು ಪದರದಲ್ಲಿ, ಐಸ್ ಪ್ಯಾಕ್ ಜೊತೆ ಶಿವಮೊಗ್ಗದ ವೈರಾಣು ಪ್ರಯೋಗಾಲಯಕ್ಕೆ ಕಳಿಸಿ.

ಓಟಿ_ಇನ್‌ಚಾರ್ಜ್, ತೀರ್ಥಹಳ್ಳಿ ಕಡೆ

ಕೊನೆಯದಾಗಿ ಎರಡು. 20 ನಿಮಿಷ ಆದ ಮೇಲೆ ಕರೆಂಟ್ ಹೋಯ್ತು, ಬಂದ ಮೇಲೆ ಉಳಿದ 10 ನಿಮಿಷ ಮಾತ್ರ ಕೊಟ್ಟರೆ ಸಾಕಾ? ಮತ್ತೆ, ಮರ ಬಿದ್ದು ರಸ್ತೆ ಮುಚ್ಚಿದರೆ ಆಸ್ಪತ್ರೆ ಕಸದ ಗಾಡಿ ಬರಲ್ಲ, ಆಗ ಏನು ಮಾಡೋದು?

ಸ್ಟೆರಿಲೈಸೇಷನ್_ಟೆಕ್, ಶಿವಮೊಗ್ಗ

ಸಾಲದು ಸಿಸ್ಟರ್. ಶಾಖ 121ಕ್ಕಿಂತ ಇಳಿದ ಕೂಡಲೇ ಹಿಂದಿನ 20 ನಿಮಿಷ ಲೆಕ್ಕಕ್ಕಿಲ್ಲ. ತಣಿಯುವಾಗ ಒಳಗೆ ನೀರೂ ಕಟ್ಟಿರುತ್ತೆ. ಬಿಚ್ಚಿ, ಒಣ ಬಟ್ಟೆಯಲ್ಲಿ ಮತ್ತೆ ಸುತ್ತಿ, ಪೂರ್ತಿ 30 ನಿಮಿಷ ಕೊಡಿ. ವೋಲ್ಟೇಜ್ ಇಳಿದಾಗಲೂ ಗಮನ ಇರಲಿ. 230 ಇರಬೇಕಾದದ್ದು 190ಕ್ಕೆ ಬಂದರೆ ಹೀಟರಿನ ಬಲ ಮೂರರಲ್ಲೊಂದು ಪಾಲು ಕಡಿಮೆಯಾಗುತ್ತೆ, ಕುದಿ ಬರೋದು ಬಹಳ ತಡ. ಗಡಿಯಾರ ನೋಡಿ ಅಂದಾಜಿನಲ್ಲಿ ಇಳಿಸುವವರು ಇಲ್ಲೇ ಮೋಸ ಹೋಗೋದು. ನಾಳೆಯ ಪಟ್ಟಿಯ ಪ್ಯಾಕುಗಳನ್ನು ಹಿಂದಿನ ದಿನ ಮಧ್ಯಾಹ್ನವೇ ಮುಗಿಸಿ, ಜನರೇಟರ್ ಆಟೋಕ್ಲೇವಿನ ಕಿಲೋವ್ಯಾಟ್ ತಡೆಯುತ್ತಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಈಗಲೇ ನೋಡಿಸಿಡಿ.

ಕಸದ್ದು: ಸಂಸ್ಕರಿಸದ ಜೈವಿಕ ತ್ಯಾಜ್ಯ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಅಂತ 2016ರ ನಿಯಮ. ಇಡಲೇಬೇಕಾಗಿ ಬಂದರೆ ಕಾರಣ ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ, ನಕಲು ಇಟ್ಟುಕೊಳ್ಳಿ. ಹಿತ್ತಲಲ್ಲಿ ಸುಡೋದು, ಹೂಳೋದು ಮಾಡಬೇಡಿ. ಬೀಗ ಇರುವ, ಮಳೆನೀರು ನುಗ್ಗದ, ಇಲಿ ನಾಯಿ ಬಾರದ ಕೋಣೆ ಬೇಕು. ಚೀಲ ಮುಕ್ಕಾಲು ತುಂಬಿದಾಗಲೇ ಕಟ್ಟಿ. ಹೆರಿಗೆ ಇರುವ ಆಸ್ಪತ್ರೆಯಾದ್ದರಿಂದ ಮಾಸಿನ (ಪ್ಲಾಸೆಂಟಾ) ಹಳದಿ ಚೀಲಗಳಿಗೆ ಅಂತಲೇ ಒಂದು ಹಳೆಯ ಡೀಪ್ ಫ್ರೀಜರ್ ಇಟ್ಟುಕೊಂಡರೆ ರಸ್ತೆ ತೆರೆಯುವ ತನಕ ವಾಸನೆ, ನೊಣ ಇಲ್ಲದೆ ನಿಭಾಯಿಸಬಹುದು.